ಮೀಸೆಮೀನಿನ ತೊಟ್ಟಿಗೆ ಟ್ಯೂಬ್‌ಲೈಟು

ತಾರ್ನಾಕದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸೂಗಮ್ಮ ಹದಿನಾಲ್ಕು ವರ್ಷ ಮೀಸೆಮೀನು ಸಾಕಿದಳು. ಹದಿನಾಲ್ಕು ವರ್ಷವೂ ಹಂಗಾಮಿ ನೌಕರಿ. ೧೯೭೮ರಲ್ಲಿ ಅವಳನ್ನು ಕಾಯಂ ಮಾಡುವ ಫೈಲು ಕೊನೆಗೂ ಮೇಲೆ ಹೋಗಿ, ತಪಾಸಣಾ ಸಮಿತಿಯ ಸಹಿಗೆ ಕಾದಿತ್ತು.

ಮೀಸೆಮೀನು ಬೆಳಕಿಗೆ ಹೆದರುವ ಜೀವ. ಹಗಲೆಲ್ಲ ಒಡೆದ ಮಡಕೆಯಲ್ಲಿ ಅಡಗಿದ್ದು ಮಬ್ಬಾದ ಮೇಲೆ ಹೊರಬರುತ್ತದೆ. ಇದನ್ನು ಸೂಗಮ್ಮ ಪುಸ್ತಕದಲ್ಲಿ ಓದಿರಲಿಲ್ಲ, ನೋಡಿ ತಿಳಿದಿದ್ದಳು. ತೊಟ್ಟಿಗಳಿಗೆ ಗೋಣಿತಟ್ಟು ಇಳಿಬಿಟ್ಟು, ತೊಟ್ಟಿ ತೊಳೆಯುವ ದಿನ ಅದನ್ನು ಗೇಣುಗೇಣಾಗಿ ಎತ್ತುತ್ತಿದ್ದಳು. ಒಮ್ಮೆಲೇ ಬೆಳಕು ಬಿದ್ದರೆ ಮೀನು ಜಿಗಿಯುತ್ತವೆ.

ತಪಾಸಣಾ ಸಮಿತಿ ಬರುವ ಮುಂಚಿನ ದಿನ ರಾಯಚೂರು ಕಡೆಯ ಉಪನ್ಯಾಸಕ ವೆಂಕಟೇಶ, ಗೋಣಿತಟ್ಟು ಹೊಲಸು ಕಾಣುತ್ತದೆಂದು ಕಿತ್ತು ಹಾಕಿಸಿ, ಪ್ರತಿ ತೊಟ್ಟಿಯ ಮೇಲೂ ಟ್ಯೂಬ್‌ಲೈಟು ಕಟ್ಟಿಸಿದ. ಸೂಗಮ್ಮ ಬೇಡವೆಂದಳು. ಗುಡಿಸುವವಳು ವಿಜ್ಞಾನ ಕಲಿಸಬೇಕೇ ಎಂದು ನಕ್ಕು, ಎಲ್ಲ ಸ್ವಿಚ್ಚನ್ನೂ ಒಟ್ಟಿಗೇ ಒತ್ತಿದ. ಏಳು ಮೀನು ಹಾರಿ ನೆಲಕ್ಕೆ ಬಿದ್ದವು. ಎರಡು ಬದುಕಿದವು.

ಸಂಜೆ ಅವನು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ತಂದು ಅರ್ಥ ಹೇಳಿದ: ಸೂಗಮ್ಮನ ನಿರ್ಲಕ್ಷ್ಯದಿಂದ ನೀರು ಕೆಟ್ಟು ಮೀನು ಸತ್ತಿವೆ.

“ಸುಮ್ಮನ ಸಹಿ ಮಾಡು. ನಿನ್ನ ಪರ್ಮನೆಂಟ್ ಫೈಲು ನಾ ನೋಡ್ಕೊಂತೀನಿ.”

“ನೀರು ಕೆಟ್ಟಿದ್ರ ಉಳಿದ ಮೀನು ಹೆಂಗ ಬದುಕ್ಯಾವ್ರಿ, ಸರ್?”

ಅವಳು ಸಹಿ ಮಾಡಲಿಲ್ಲ. ಅವನು ಕಾಗದವನ್ನು ಹಾಗೆಯೇ ಅವಳ ಫೈಲಿಗೆ ಸೇರಿಸಿದ.

ಮರುದಿನ ಸಮಿತಿಯ ಮುಂದೆ ಝಗಝಗಿಸುವ ತೊಟ್ಟಿಗೆ ಎರೆಹುಳು ಹಾಕಿದರು. ಒಂದು ಮೀನೂ ಮಡಕೆ ಬಿಟ್ಟು ಬರಲಿಲ್ಲ. ರೋಗ ತಗಲಿದೆಯೇ ಎಂದು ಸಮಿತಿಯ ಹಿರಿಯರು ಕೇಳಿದರು. ಸತ್ತ ಮೀನಿನ ಕಾಗದವನ್ನೂ ವೆಂಕಟೇಶ ಮುಂದಿಟ್ಟ. ಬಾಗಿಲಲ್ಲಿ ನಿಂತಿದ್ದ ಸೂಗಮ್ಮ ಯಾರ ಅಪ್ಪಣೆಗೂ ಕಾಯದೆ ಲೈಟು ಆರಿಸಿ, ಮೂಲೆಯಲ್ಲಿ ಬಿದ್ದಿದ್ದ ಗೋಣಿತಟ್ಟು ತಂದು ಹೊದಿಸಿ, ಇಣುಕಲು ನಾಲ್ಕು ಬೆರಳು ಜಾಗ ಬಿಟ್ಟಳು. ಹಿರಿಯರು ಬಗ್ಗಿ ನೋಡುತ್ತ ಕುಳಿತರು. ಹತ್ತು ನಿಮಿಷಕ್ಕೆ ಮೀಸೆ ಕಾಣಿಸಿತು, ಆಮೇಲೆ ಮೀನು, ಆಮೇಲೆ ಎಲ್ಲ ಮೀನು. ತಳದಲ್ಲಿ ಒಂದು ಹುಳುವೂ ಉಳಿಯಲಿಲ್ಲ.

ನೀರು ಕೆಟ್ಟಿಲ್ಲವಲ್ಲ ಎಂದು ಹಿರಿಯರು ಕಾಗದವನ್ನು ವೆಂಕಟೇಶನ ಕಡೆ ತಳ್ಳಿ, ಮೀನು ಸತ್ತ ಕಾರಣ ಹೊಸದಾಗಿ ಬರೆಯಲು ಹೇಳಿದರು. ಅವನು ಒಂದು ಸಾಲು ಗೀಚಿದ. ಅದನ್ನು ಓದಿ ಹೇಳಿ ಎಂದಳು ಸೂಗಮ್ಮ. ಅತಿಯಾದ ಬೆಳಕಿನಿಂದ ಮೀನು ಸತ್ತಿವೆ ಎಂದಿತ್ತು.

“ಬೆಳಕು ತಾನಾಗೇ ಬಂತೇನ್ರಿ? ಯಾರು ಹಾಕಿದ್ರು ಅಂತ ಬರೀರಿ. ನನ್ನ ಹೆಸರು ಬರಿಯಾಕ ನಿನ್ನೆ ಕೈ ತಡೀಲಿಲ್ಲಲ್ರಿ.”

ವೆಂಕಟೇಶ ಹಿರಿಯರ ಮುಖ ನೋಡಿದ. ಅವರು ಪೆನ್ನು ತೋರಿಸಿದರು. ಅವನು ತನ್ನ ಹೆಸರು ಬರೆದ. ಸೂಗಮ್ಮನ ಕಾಯಂ ಫೈಲಿಗೆ ಹಿರಿಯರ ಸಹಿ ಅಲ್ಲೇ ಬಿತ್ತು. ಅವಳು ಯಾರಿಗೂ ಕೈಮುಗಿಯಲಿಲ್ಲ, ಉಳಿದ ತೊಟ್ಟಿಗಳಿಗೆ ತಟ್ಟು ಹೊದಿಸಲು ಹೋದಳು.