ಕಮಲಾಪುರದಲ್ಲಿ ಮಾತ್ರ ಚಾಲೂ ಆಗುವ ಯಂತ್ರ

ಕೆಟ್ಟು ಕೂತ ಸಾಮಾನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಮನುಷ್ಯರು ಮುನಿಸಿಕೊಂಡರೆ ಹೋಗಲಿ ಬಿಡು ಅನ್ನಬಹುದು. ಸ್ವಿಚ್ ಒತ್ತಿದರೂ ಮಿಸುಕದ ಮಿಕ್ಸರಿಗೆ, ಕಿಕ್ ಹೊಡೆದು ಹೊಡೆದು ಕಾಲು ಬಿದ್ದುಹೋದರೂ ಏಳದ ಸ್ಕೂಟಿಗೆ ಏನು ಹೇಳುವುದು? ನಮ್ಮ ಮನೆಯ ರೇಡಿಯೋದ ಒಂದು ಬದಿ ನನ್ನ ಏಟಿಗೇ ಒಳಗೆ ಹೋಗಿತ್ತು. ಅಂಥ ನಾನು ಒಂದು ದಸರೆ ಮುಗಿದ ಮೇಲೆ ವಾರವಿಡೀ ಕೆಟ್ಟ ಯಂತ್ರವೊಂದನ್ನು ಕೂಸಿನ ಹಾಗೆ ಹಿಡಿದುಕೊಂಡು ತಿರುಗಿದೆ. ಅದಕ್ಕೆ ಕಾರಣ ಅಪ್ಪನ ಬಲಗೈ.

ಅಪ್ಪ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ಮನೆಯಲ್ಲಿ ಒಂದು ಚಮಚ ಕಾಣದಿದ್ದರೂ ಸಾಕ್ಷಿ ಯಾರು, ಬಯಾನ್ ಎಲ್ಲಿ ಅಂತಲೇ ಅವರ ಮಾತು. ರಿಟೈರ್ ಆದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಲಕ್ವಾ ಹೊಡೆಯಿತು. ಕಾಲು, ಮಾತು ಎರಡೂ ತಿಂಗಳೊಳಗೆ ಹತೋಟಿಗೆ ಬಂದವು, ಬಲಗೈ ಮಾತ್ರ ಬರಲಿಲ್ಲ. ಹಿಚುಕುತ್ತಿರಿ ಅಂತ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ನಾನೇನು ಕೂಸೇನು ಅಂತ ಅಪ್ಪ ಅದನ್ನು ಮಂಚದ ಕೆಳಗೆ ಉರುಳಿಸಿಬಿಟ್ಟರು.

ನಮ್ಮದು ವೈಷ್ಣವರ ಮನೆ. ಎಡಗೈಯಿಂದ ದೇವರಿಗೆ ಅಕ್ಷತೆ ಹಾಕುವ ಮಾತೇ ಇಲ್ಲ. ಹಾಗಾಗಿ ಇಷ್ಟು ವರ್ಷ ಅಪ್ಪ ಮಾಡುತ್ತಿದ್ದ ಹಬ್ಬದ ಪೂಜೆಯನ್ನು ಪಕ್ಕದ ಓಣಿಯಿಂದ ಕಾಕಾ, ಅಂದರೆ ಅಪ್ಪನ ತಮ್ಮ, ಬಂದು ಮಾಡಿಹೋಗತೊಡಗಿದರು. ಆಗೆಲ್ಲ ಅಪ್ಪ ಬಲಗೈಯನ್ನು ಶಾಲಿನೊಳಗೆ ಮುಚ್ಚಿಕೊಂಡು ಗೋಡೆಯ ಕಡೆ ನೋಡುತ್ತ ಕೂಡುತ್ತಿದ್ದರು. ಆ ಮುಖ ನನಗೆ ನೋಡಲಾಗುತ್ತಿರಲಿಲ್ಲ.

ಯಂತ್ರ ನನ್ನದು. ಎರಡು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು. ನಾನು ಆಗ ಕಮಲಾಪುರದ ಟಪಾಲ್ ಆಫೀಸಿನಲ್ಲಿ ಕ್ಲರ್ಕು. ಕಲಬುರಗಿಯ ಮನೆಯಿಂದ ಹೋಗುವಾಗ ಒಂದು ತಾಸು ಬಸ್ಸು, ಬರುವಾಗ ಒಂದು ತಾಸು. ಆ ಹೊತ್ತು ಕಳೆಯಲು ಊರಿನ ಸೂಪರ್ ಮಾರ್ಕೆಟ್ ಪೇಟೆಯ ಒಂದು ಗಲ್ಲಿಯ ಮೊಬೈಲ್ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಅಂಗಡಿಯವನು ಅದರೊಳಗಿನ ಕಂಪನಿಯ ಪ್ರೋಗ್ರಾಮ್ ತೆಗೆದು ತನ್ನದೊಂದು ತುಂಬಿದ್ದ. ಹಾಗೆ ಮಾಡಿದರೆ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ ಎಷ್ಟು ಬೇಕಾದರೂ ಆಟ ಹಾಕಿಕೊಳ್ಳಬಹುದು. ಕಾಲೇಜು ಮುಗಿಸಿದ, ಸರ್ಕಾರಿ ಕೆಲಸದ, ಇನ್ನೂ ಮದುವೆಯಾಗದ ಹುಡುಗಿ ಬಸ್ಸಿನಲ್ಲಿ ಗೇಮ್ ಆಡುತ್ತಾಳೆ ಅಂತ ಮನೆಯಲ್ಲಿ ಗೊತ್ತಾಗಬಾರದೆಂದು ಟಿಫಿನ್ ಡಬ್ಬಿಯ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಒಂದು ಭಾನುವಾರ ಅದು ಅಪ್ಪನ ಕೈಗೆ ಸಿಕ್ಕಿತು. ಬೈಗುಳಕ್ಕೆ ತಯಾರಾಗಿ ನಿಂತೆ. ಅಪ್ಪ ಹತ್ತು ನಿಮಿಷ ಅದನ್ನು ಹಿಂದೆ ಮುಂದೆ ನೋಡಿ, ಈ ಹರಳು ಒಡೆಯುವುದು ಹೇಗೆ ಅಂತ ಕೇಳಿದರು. ಮೇಲಿನಿಂದ ಬಣ್ಣಬಣ್ಣದ ಹರಳು ಬೀಳುತ್ತವೆ, ಒಂದೇ ಬಣ್ಣದವನ್ನು ಜೋಡಿಸಿದರೆ ಒಡೆಯುತ್ತವೆ, ಅಷ್ಟೇ ಆಟ. ಆದರೆ ಒಡೆಯುವ ಬಟನ್ ಇರುವುದು ಬಲಗಡೆ. ಅಪ್ಪನ ಬಲ ಹೆಬ್ಬೆರಳು ಮೊದಲ ದಿನ ಬಟನ್ ಹುಡುಕುವುದರೊಳಗೆ ಆಟವೇ ಮುಗಿಯುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಬೆರಳು ಪಟಪಟ ಓಡಾಡುತ್ತಿತ್ತು. ಯಂತ್ರ ಹತ್ತು ದೊಡ್ಡ ಅಂಕಗಳ ಪಟ್ಟಿ ಇಟ್ಟುಕೊಳ್ಳುತ್ತದೆ. ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸಿ, ಇದು ನನ್ನ ಕೈಯ ಫೈಲು ಅನ್ನುತ್ತಿದ್ದರು. ಆಮೇಲೆ ಒಂದು ದಿನ ಊಟದ ಹೊತ್ತಿಗೆ ತಟ್ಟನೆ ಹೇಳಿದರು, ಈ ದೀಪಾವಳಿಗೆ ಲಕ್ಷ್ಮೀಪೂಜೆ ನಾನೇ ಮಾಡುತ್ತೇನೆ, ತಮ್ಮನಿಗೆ ಹೇಳಿಬಿಡಿ. ಅವ್ವ ಬಡಿಸುತ್ತಿದ್ದ ಸೌಟು ಹಾಗೇ ಹಿಡಿದುಕೊಂಡು ನಿಂತಳು. ನನಗಂತೂ ಎದ್ದು ಕುಣಿಯಬೇಕು ಅನ್ನಿಸಿತು.

ದೀಪಾವಳಿಗಿಂತ ಮೊದಲು ಖಂಡೆಪೂಜೆ, ಅಂದರೆ ದಸರೆಯ ಆಯುಧಪೂಜೆ, ಬಂತು. ಈಳಿಗೆ, ಕತ್ತರಿ, ಅವ್ವನ ಹೊಲಿಗೆ ಮಷೀನು, ನನ್ನ ಸ್ಕೂಟಿಯ ಕೀಲಿ, ಎಲ್ಲ ಮಣೆಯ ಮೇಲೆ ಕೂತವು. ಅಪ್ಪ ಯಂತ್ರವನ್ನೂ ತಂದಿಟ್ಟರು, ಇದೇ ನನ್ನ ಆಯುಧ ಅಂತ. ಪೂಜೆಗೆ ಬಂದ ಕಾಕಾ ಮಡಿಪಂಚೆ ಬಿಗಿದುಕೊಂಡು, ಆಟದ ಸಾಮಾನಿಗೆಲ್ಲ ಅಕ್ಷತೆ ಹಾಕಲಿಕ್ಕೆ ಬರುವುದಿಲ್ಲ ಅಂತ ಅದನ್ನೆತ್ತಿ ಅಪ್ಪನ ಮಂಚದ ಮೇಲೆ ಇಟ್ಟುಬಿಟ್ಟರು. ಒಂದು ಕಾಳು ಅಕ್ಷತೆಯೂ ಅದಕ್ಕೆ ತಾಕಿಸಲಿಲ್ಲ. ನಾನು ಕಾಕಾಗೆ ನಾಲ್ಕು ಮಾತು ಅಂದೆ, ಅವ್ವ ನನಗೆ ಎಂಟು ಅಂದಳು.

ಮರುದಿನ ಬೆಳಿಗ್ಗೆ ಅವ್ವ ಅಪ್ಪನ ಕೋಣೆ ಗುಡಿಸುತ್ತ ಒಂದೇ ಸಮನೆ ವಟಗುಟ್ಟುತ್ತಿದ್ದಳು. ಮಂಚದ ಕೆಳಗೆಲ್ಲ ಅಕ್ಷತೆ ಚೆಲ್ಲಿದೆ, ಇರುವೆ ಸಾಲು ಹಿಡಿದಿದೆ, ನಿಮ್ಮ ಕಾಕಾನಿಗೆ ಪೂಜೆ ಮಾಡಲು ಬರುತ್ತದೋ ಎರಚಲು ಬರುತ್ತದೋ ಅಂತ. ಸಂಜೆ ಮಂದಿ ಬನ್ನಿ ಎಲೆ ಹಿಡಿದುಕೊಂಡು ಬಂದರು. ಅಪ್ಪನ ಪಾಲಿನ ಬನ್ನಿಯನ್ನೂ ಅವ್ವನೇ ಕೊಟ್ಟಳು, ಬಂಗಾರದಂಗ ಇರ್ರಿ ಅಂತ ಅವ್ವನೇ ಹರಸಿದಳು. ಎಲ್ಲರೂ ಹೋದ ಮೇಲೆ ಅಪ್ಪ ಯಂತ್ರ ಚಾಲೂ ಮಾಡಿದರು. ಹರಳು ಬರಲಿಲ್ಲ, ಏನೂ ಬರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳ ನಾಲ್ಕೈದು ಸಾಲು. ಆರಿಸಿ ಮತ್ತೆ ಹಚ್ಚಿದರೂ ಅದೇ. ಬ್ಯಾಟರಿ ತೆಗೆದು ಹಾಕಿದೆ, ಕಾರ್ಡು ಒರೆಸಿ ಹಾಕಿದೆ. ಅದೇ.

ಮರುದಿನ ಆಫೀಸಿನಿಂದ ಸೀದಾ ಸೂಪರ್ ಮಾರ್ಕೆಟ್ಟಿಗೆ ಓಡಿದೆ. ಅಂಗಡಿಯವನು ಪರದೆ ನೋಡಿ ನಕ್ಕ. ಇದು ರಿಪೇರಿ ಮಾಡುವವರ ಪರದೆ, ತನ್ನ ಪ್ರೋಗ್ರಾಮಿನಲ್ಲಿ ಮಾತ್ರ ಇರುತ್ತದೆ, ಮೇಲಿನ ಬಲ ಮೂಲೆಯ ಬಟನ್ ಒತ್ತಿ ಹಿಡಿದು ಚಾಲೂ ಮಾಡಿದರೆ ಬರುತ್ತದೆ ಅಂದ.

"ಅಕ್ಕಾರ, ನೀವ ಒತ್ತಾಕತ್ತೀರಿ."

"ನಾ ಯಾಕ ಒತ್ತಲಿ? ನನ್ನ ಬೆರಳು ಎಲ್ಲಿ ಅವ ನೋಡ್ರಿ."

ಅವನು ತಾನೇ ಹಚ್ಚಿ ನೋಡಿದ. ಹೊರಗೆ ಹೋಗು ಅನ್ನುವ ಸಾಲು ಆಯ್ದುಕೊಂಡರೂ ಸುತ್ತಿ ಸುತ್ತಿ ಅಲ್ಲಿಗೇ ಬಂತು. ಅವನ ನಗು ನಿಂತಿತು. ಬಟನ್ನಿನ ಒಳಪಟ್ಟಿ ಹೋಗಿರಬೇಕು, ಇಲ್ಲ ಸಾಫ್ಟ್‌ವೇರ್ ಖತಂ ಆಗಿರಬೇಕು, ಬಿಚ್ಚಿ ಎಲ್ಲ ಒರೆಸಿ ಹೊಸದಾಗಿ ತುಂಬುತ್ತೇನೆ, ಹದಿನೈದು ದಿನ ಬಿಟ್ಟು ಹೋಗಿ ಅಂದ. ಹಳೆಯ ಅಂಕಗಳು ಉಳಿಯುತ್ತವೆಯೇ ಅಂತ ಕೇಳಿದ್ದಕ್ಕೆ, ಅದರ ಗ್ಯಾರಂಟಿ ಇಲ್ಲ ಅಂದ. ಹದಿನೈದು ದಿನಕ್ಕೆ ದೀಪಾವಳಿ ಬಾಗಿಲಿಗೇ ಬಂದಿರುತ್ತದೆ. ಅಪ್ಪನಿಗೆ ಹೇಳಿದರೆ, ನನ್ನ ಫೈಲು ಒರೆಸಲಿಕ್ಕೆ ಅವನು ಯಾರು ಅಂತ ಕೂಗಾಡಿದರು. ಕೂಗಾಡಿ ಶಾಲು ಹೊದ್ದುಕೊಂಡರು. ಕೈ ಮತ್ತೆ ಒಳಗೆ ಹೋಯಿತು.

ಮರುದಿನ ಯಂತ್ರ ನನ್ನ ಚೀಲದಲ್ಲೇ ಇತ್ತು. ಮಧ್ಯಾಹ್ನ ಕಮಲಾಪುರದ ಆಫೀಸಿನಲ್ಲಿ ಡಬ್ಬಿ ತೆಗೆಯುವಾಗ ಕಣ್ಣಿಗೆ ಬಿತ್ತು. ಹಾಳಾಗಿ ಹೋಗು ಅಂತ ಬೈದು ಸ್ವಿಚ್ ಸರಿಸಿದೆ. ಟಿಂಗ್ ಅಂತ ಬಣ್ಣ ಹತ್ತಿತು, ಹರಳು ಬೀಳತೊಡಗಿದವು, ಅಪ್ಪನ ಅಂಕಗಳೆಲ್ಲ ಇದ್ದ ಹಾಗೇ ಇದ್ದವು. ಖುಷಿಯಲ್ಲಿ ಒಂದೇ ಲಕೋಟೆಗೆ ಮೂರು ಸಲ ಠಸ್ಸೆ ಹೊಡೆದೆ. ಮನೆಗೆ ಫೋನ್ ಮಾಡಿದೆ, ಆಫೀಸಿನ ಪೋಸ್ಟ್‌ಮ್ಯಾನನನ್ನು ಕರೆದು ತೋರಿಸಿದೆ, ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡೆ. ಮನೆಯಲ್ಲಿ ಅಪ್ಪ ಕೈ ತೊಳೆದುಕೊಂಡು ಕಾಯುತ್ತಿದ್ದರು. ಸ್ವಿಚ್ ಸರಿಸಿದರು. ಕಪ್ಪು ಪರದೆ.

ಪೋಸ್ಟ್‌ಮ್ಯಾನ್ ಒಬ್ಬನ ಸಾಕ್ಷಿ ಸಾಲದು ಅಂದರು ಅಪ್ಪ. ನನಗೆ ಎಷ್ಟು ಸಿಟ್ಟು ಬಂತೆಂದರೆ ಬಾಳೆಹಣ್ಣನ್ನು ನಾನೊಬ್ಬಳೇ ನಾಲ್ಕು ತಿಂದೆ. ಮರುದಿನ ಕಮಲಾಪುರದಲ್ಲಿ ಮತ್ತೆ ಚಾಲೂ, ಕಲಬುರಗಿಯಲ್ಲಿ ಮತ್ತೆ ಬಂದ್. ಮೂರನೆಯ ದಿನ ಆರಿಸದೇ ತಂದುಬಿಡೋಣ ಅಂತ ಉರಿಯುವ ದೀಪದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ ಹತ್ತಿದೆ. ಮಹಾಗಾಂವ ಕ್ರಾಸ್ ದಾಟುತ್ತಿದ್ದಂತೆ ಬ್ಯಾಟರಿ ಮುಗಿಯಿತು. ಕಮಲಾಪುರದ ನೀರಿನ ಗುಣ ಅಂದಳು ಅವ್ವ. ಅಂಗಡಿಯವನು ಫೋನಿನಲ್ಲಿ ಕೇಳಿ, ಹಾಗಾದರೆ ಕಮಲಾಪುರದಲ್ಲೇ ಮನೆ ಮಾಡಿರಿ ಅಂದ. ಯಂತ್ರ ರಿಪೇರಿಯಾಗುವುದರೊಳಗೆ ನಾವು ಬಾಳೆಹಣ್ಣಿನ ಅಂಗಡಿ ತೆಗೆಯಬಹುದು ಅಂತ ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಶಾಲು ಸರಿಸಿದರು.

"ಭಾನುವಾರ ನಾನ ಕಮಲಾಪುರಕ್ಕ ಹೋಗಿ ಮೌಕಾ ನೋಡ್ಬೇಕು," ಅಂದರು. "ಬಸ್ ಎಷ್ಟಕ್ಕದ?"

ಲಕ್ವಾ ಹೊಡೆದಮೇಲೆ ಓಣಿಯ ಮೂಲೆ ದಾಟದ ಮನುಷ್ಯ. ಅವ್ವ ಗಾಬರಿಯಾದಳು, ನನಗೆ ಹುಚ್ಚು ಖುಷಿ. ಭಾನುವಾರ ಅಪ್ಪ ಇಸ್ತ್ರಿ ಧೋತರ, ಕೋಟು, ಅದರ ಮೇಲೆ ಶಾಲು, ಕೋರ್ಟಿಗೆ ಹೊರಟವರ ಹಾಗೆ. ಹುಮನಾಬಾದ್ ಬಸ್ಸಿನ ಕಿಟಕಿಯಲ್ಲಿ ಕೂತು ದಾರಿಯುದ್ದಕ್ಕೂ ಯಾವ ಹೊಲದ ಖಟ್ಲೆ ಎಷ್ಟು ವರ್ಷ ನಡೆಯಿತು ಅಂತ ಹೇಳುತ್ತ ಬಂದರು. ಯಂತ್ರವನ್ನು ಬಿಡದೆ ತೊಡೆಯ ಮೇಲೆ ಒತ್ತಿ ಹಿಡಿದಿದ್ದರು. ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಹಣ್ಣಿನವಳ ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ಅಪ್ಪ ಕೋಟಿನ ಗುಂಡಿ ಸರಿಮಾಡಿಕೊಂಡು ಸ್ವಿಚ್ ಸರಿಸಿದರು.

ಕಪ್ಪು ಪರದೆ. ಬಿಳಿ ಅಕ್ಷರ.

ಮತ್ತೊಮ್ಮೆ ಸರಿಸಿದರು, ಅದೇ. ಕಮಲಾಪುರವೂ ಕೈಕೊಟ್ಟಿತು. ಅಪ್ಪ ಯಂತ್ರವನ್ನು ನನ್ನ ಕೈಗಿಟ್ಟು, ಬಲಗೈಯನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡರು.

"ಇರಲಿ ಬಿಡು. ಈ ಸಲಾನೂ ಪೂಜಾ ತಮ್ಮನ ಮಾಡ್ಲಿ."

ಅಷ್ಟು ದಿನ ತಡೆದಿದ್ದ ಸಿಟ್ಟೆಲ್ಲ ಆಗ ನೆತ್ತಿಗೇರಿತು. ಕೂಸಿನ ಹಾಗೆ ನೋಡಿಕೊಂಡದ್ದಕ್ಕೆ ಇದೇ ಏನು ನೀನು ಕೊಡುವ ಮರ್ಯಾದೆ ಅಂತ ಬೈಯುತ್ತ ಅದನ್ನು ತಲೆಕೆಳಗು ಹಿಡಿದು ಅಂಗೈ ಮೇಲೆ ಬಡಿದೆ. ಒಂದು, ಎರಡು. ಮೂರನೆಯ ಏಟಿಗೆ ಮೇಲಿನ ಬಲ ಮೂಲೆಯ ಸಂದಿಯಿಂದ ಏನೋ ಉದುರಿ ಅಪ್ಪನ ಬಿಳಿ ಧೋತರದ ಮೇಲೆ ಬಿತ್ತು. ಕೆಂಪಗಿನ ಅರ್ಧ ಕಾಳು ಅಕ್ಷತೆ.

ಸ್ವಿಚ್ ಸರಿಸಿದೆ. ಬಣ್ಣ ಹತ್ತಿತು. ಆರಿಸಿ ಮತ್ತೆ ಹಚ್ಚಿದೆ, ಮತ್ತೆ ಹತ್ತಿತು. ನೀವೇ ಒತ್ತುತ್ತಿದ್ದೀರಿ ಅಂದಿದ್ದನಲ್ಲ ಅಂಗಡಿಯವನು, ಒತ್ತುತ್ತಿದ್ದದ್ದು ಈ ಅರ್ಧ ಕಾಳು. ಬಟನ್ನಿನ ಸಂದಿಯಲ್ಲಿ ಸಿಕ್ಕಿಕೊಂಡು, ಚೀಲದಲ್ಲಿ ಕುಲುಕಾಡಿ ಹೋಗುವಾಗ ಜಾರುತ್ತಿತ್ತು, ಬರುವಾಗ ಮತ್ತೆ ಹೋಗಿ ಕೂಡುತ್ತಿತ್ತು. ಇವತ್ತು ಅಪ್ಪ ಬಿಗಿಯಾಗಿ ಹಿಡಿದಿದ್ದರಿಂದ ಜಾರಲೇ ಇಲ್ಲ. ನಾನು ಬೆಂಚಿನಿಂದ ಎದ್ದು ಒಂದು ಸುತ್ತು ತಿರುಗಿದೆ, ಹಣ್ಣಿನವಳು ಯಾಕ್ರೀ ಬಾಯಿ ಅಂತ ಕೇಳಿದಳು. ಆಮೇಲೆ ನೆನಪಾಗಿ ನಿಂತೆ. ಕಾಕಾ ಇದಕ್ಕೆ ಒಂದು ಕಾಳನ್ನೂ ಹಾಕಿರಲಿಲ್ಲ. ಇದು ಇದ್ದದ್ದು ಅಪ್ಪನ ಮಂಚದ ಮೇಲೆ. ಅಕ್ಷತೆ ಚೆಲ್ಲಿದ್ದದ್ದು ಅದೇ ಮಂಚದ ಕೆಳಗೆ.

ಅಪ್ಪ ಹುಮನಾಬಾದ್ ಬಸ್ಸಿನ ಬೋರ್ಡನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು.

"ಅಪ್ಪಾ, ಇದಕ್ಕ ಅಕ್ಷತಿ ಯಾರು ಹಾಕ್ಯಾರ?"

"ಸಾಕ್ಷಿ ಇಲ್ಲ."

"ಯಾವ ಕೈಲೆ ಹಾಕಿದ್ರಿ?"

ಅಪ್ಪ ಶಾಲಿನೊಳಗಿಂದ ಬಲಗೈ ತೆಗೆದು, ಕಟಕಟೆಯಲ್ಲಿ ಪ್ರಮಾಣ ಮಾಡುವವರ ಹಾಗೆ ಎತ್ತಿ ಹಿಡಿದರು.

"ನೀವೆಲ್ಲಾ ಊಟ ಮಾಡಿ ಮಲಗಿದ್ರಿ," ಅಂದರು. "ಒಂದೆರಡು ಕಾಳು ಇದರ ಮ್ಯಾಲ ಬಿದ್ದಿದ್ದವು. ಉಳದದ್ದೆಲ್ಲಾ ನೆಲಕ್ಕ ಹೋತು. ನಾಚಿಕಿ ಆಗಿ ಹೇಳಲಿಲ್ಲ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ಒಟ್ಟಿಗೆ ಮಾಡಿದೆ. ಒಂದು ವಾರ ಈ ಕೈ ಹೋಯಿತು ಅಂತ ಅತ್ತದ್ದೇ ದಂಡ. ಆ ಕೈ ಕೆಲಸ ಮಾಡಿದ್ದಕ್ಕೇ ಯಂತ್ರ ಕೆಟ್ಟಿತ್ತು.

ಅಪ್ಪ ಧೋತರದ ಮೇಲಿನ ಕಾಳನ್ನು ಹೆಬ್ಬೆರಳು, ತೋರುಬೆರಳಿನಿಂದ ಎತ್ತಲು ನೋಡಿದರು. ಜಾರಿತು. ಮತ್ತೆ ನೋಡಿದರು, ಮತ್ತೆ ಜಾರಿತು. ನಾನು ಕೈ ಹಾಕಲಿಲ್ಲ. ಮೂರನೆಯ ಸಲ ಅದು ಎರಡು ಬೆರಳ ನಡುವೆ ನಿಂತಿತು. ನನ್ನನ್ನು ಹತ್ತಿರಕ್ಕೆ ಬಗ್ಗು ಅಂದರು. ಬಗ್ಗಿದೆ. ಕಾಳನ್ನು ನನ್ನ ನೆತ್ತಿಯ ಮೇಲೆ ಇಟ್ಟರು.

"ಬಂಗಾರದಂಗ ಇರು," ಅಂದರು. ಮರುಗಳಿಗೆಯಲ್ಲೇ ನನ್ನ ಕೈಯಿಂದ ಯಂತ್ರ ಕಸಿದುಕೊಂಡರು. "ಈಗ ತಲಿ ಅಲ್ಲಾಡಸಬ್ಯಾಡ, ಮತ್ತ ಇದರೊಳಗ ಬೀಳ್ತದ."

ಕಲಬುರಗಿಯ ಕಡೆ ಎರಡು ಬಸ್ಸು ಹೋದವು. ಅಪ್ಪ ಹರಳು ಒಡೆಯುತ್ತಿದ್ದರು, ನಾನು ತಲೆ ಅಲ್ಲಾಡಿಸದೆ ಅವರ ಪಕ್ಕದಲ್ಲಿ ಕೂತಿದ್ದೆ.