ಅಕ್ಕ ಕೇಳಿಸಿಕೊಂಡ ಟಿಟ್ಟಿಭ

ನಾನು ಚಿಕ್ಕವನಿದ್ದಾಗ ನಮ್ಮ ಅಕ್ಕನಿಗೆ ಗೊತ್ತಿಲ್ಲದ ಮೀನಿರಲಿಲ್ಲ, ಹಕ್ಕಿಯಿರಲಿಲ್ಲ. ಮೊಮ್ಮಕ್ಕಳೇ, ಈ ಪರದೇಶದಲ್ಲಿ ಫುನಾಬೊರಿಯ ಮೂಲಕ ಹೋಗುವ ರೈಲಿನ ನಿಲ್ದಾಣಗಳ ಹೆಸರನ್ನು ನೀವು ಪಟಪಟನೆ ಹೇಳುತ್ತೀರಲ್ಲ, ಹಾಗೆ ಅವುಗಳ ಹೆಸರನ್ನು ಹೇಳುತ್ತಿದ್ದಳು. ಆದರೆ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಕೂಸಾಗಿದ್ದಾಗ ಬಂದ ಜ್ವರದಲ್ಲಿ ದೃಷ್ಟಿ ಹೋಗಿತ್ತು.

ಅಪ್ಪ ಕಬಿನಿಯ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ. ಬಲೆಯಿಂದ ಸುರಿದ ತಣ್ಣನೆಯ ಮೀನುಗಳನ್ನು ಅಕ್ಕ ಬೆರಳಿನಲ್ಲೇ ಸವರಿ, "ಗೆಂಡೆ... ಕೊರವ... ಇದು ಚೇಳುಮೀನು, ನೀ ಮುಟ್ಬೇಡ, ಚುಚ್ತದೆ" ಎನ್ನುತ್ತ ಬೇರೆ ಬೇರೆ ಬುಟ್ಟಿಗೆ ಹಾಕುತ್ತಿದ್ದಳು.

ಒಂದು ಬೆಳಗ್ಗೆ ನಾವು ಮೂವರೂ ಹರಿಗೋಲಿನಲ್ಲಿದ್ದೆವು. ಇದ್ದಕ್ಕಿದ್ದಂತೆ ಹಾಲಿನಂಥ ಮಂಜು ಇಳಿಯಿತು. ಹರಿಗೋಲಿನಾಚೆ ಏನೂ ಕಾಣಲಿಲ್ಲ. ಅಣೆಕಟ್ಟಿನ ಬಾಗಿಲು ತೆರೆದಿದ್ದರು. ನೀರಿನ ಮೊರೆತ ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತಿತ್ತು. ಆ ಸೆಳೆತಕ್ಕೆ ಸಿಕ್ಕರೆ ಹರಿಗೋಲು ಉಳಿಯುತ್ತಿರಲಿಲ್ಲ.

"ಯಾವ ಕಡೀಕ್ ಹುಟ್ಟು ಹಾಕ್ಲಿ?" ಎಂದು ಅಪ್ಪ ತನಗೆ ತಾನೇ ಗೊಣಗಿದ.

"ಸುಮ್ಕಿರಿ ಇಬ್ರೂ," ಎಂದಳು ಅಕ್ಕ. ಕತ್ತು ಓರೆ ಮಾಡಿ ಆಲಿಸಿದಳು. ನನಗೆ ಆ ಮೊರೆತ ಬಿಟ್ಟು ಬೇರೇನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಲಗಡೆ ಕೈ ಚಾಚಿದಳು. "ಟಿಟ್ಟಿಭ ಹಕ್ಕಿ ಕೂಗ್ತಾ ಅದೆ. ಅದು ಮೊಟ್ಟೆ ಇಡೋದು ದಡದ ಕಲ್ಮೇಲೆ. ಅಲ್ಲಿ ನೆಲ ಅದೆ, ಅಪ್ಪ."

ಅಪ್ಪ ಅತ್ತ ಹುಟ್ಟು ಹಾಕಿದ. ಕೂಗು ಹತ್ತಿರವಾಯಿತು, ಮೊರೆತ ಹಿಂದುಳಿಯಿತು. ಕೊನೆಗೆ ಹರಿಗೋಲಿನ ತಳ ಕಲ್ಲಿಗೆ ಉಜ್ಜಿತು. ಅಪ್ಪ ಅಕ್ಕನನ್ನು ಎತ್ತಿ ದಡಕ್ಕಿಳಿಸಿ, ಅವಳ ತಲೆಯ ಮೇಲೆ ಕೈಯಿಟ್ಟು ನಿಂತುಬಿಟ್ಟ.

ಮೊನ್ನೆ ಇಲ್ಲಿಯ ನದಿಯ ದಡದಲ್ಲಿ ನೀಲಿ ಹಕ್ಕಿಯೊಂದು ನೀರಿಗೆ ಧುಮುಕಿದಾಗ ನೀವು, "ತಾತಾ, ಲುಕ್! ಕವಾಸೆಮಿ!" ಎಂದು ಕೂಗಿದಿರಿ. ಅದು ಇಲ್ಲಿಯವರ ಮಾತಿನ ಹೆಸರು; ನಾನು ನಮ್ಮ ಮಾತಿನಲ್ಲಿ ಮಿಂಚುಳ್ಳಿ ಎಂದೆ. ವೇಲ್ಸ್ ದೇಶದಿಂದ ಬಂದ ನಿಮ್ಮ ಟೀಚರ್ ತಮ್ಮ ಭಾಷೆಯಲ್ಲಿ ಅದನ್ನು 'ಗ್ಲಾಸ್ ಅ ಡೋರ್ಲನ್' ಅನ್ನುತ್ತಾರಂತೆ. ಹಾಗೆಂದರೆ ದಡದ ನೀಲಿ. ಎಂಥ ಚೆಂದದ ಹೆಸರು! ನಾವು ಅದರ ಮಿಂಚನ್ನು ನೋಡಿದೆವು, ಅವರು ಅದರ ಮನೆಯನ್ನು ನೋಡಿದರು.

ನಮಗೆ ಹೆಸರು ಹೇಳಿಕೊಡಲು ಅಕ್ಕ ಒಬ್ಬಳೇ ಇದ್ದಳು. ನಿಮಗೆ ಶಾಲೆಯಿದೆ, ಫೋನಿದೆ, ಮೂರು ಭಾಷೆಗಳಿವೆ. ಅಂದು ಸಂಜೆ ನೀವು ಅದೇ ಫೋನಿನಲ್ಲಿ ಊರಿಗೆ ಕರೆ ಮಾಡಿ, ಆ ವೇಲ್ಸ್ ಹೆಸರನ್ನು ನನ್ನ ಅಕ್ಕನಿಗೆ ಹೇಳಿದಿರಿ.

"ಇನ್ನೊಂದ್ ಸಲ ಹೇಳು ಮಗ," ಎಂದಳು. "ನಿಧಾನಕ್ಕೆ. ನಾನೂ ಕಲೀತೀನಿ."