ಗದ್ದಕ್ಕೆ ಹಚ್ಚಿದ ಪಾಕ

ಕೂಡ್ಲಿಗಿ ಕಡೆಯ ಶಾಂತಾದೇವಿ ಮದುವೆಯಾಗಿ ಬೆಂಗಳೂರಿಗೆ ಬಂದಾಗ ಎಲ್ಲ ಹೊಸ ಮದುವಣಗಿತ್ತಿಯರಿಗೂ ಇರುವ ಹೆದರಿಕೆಗಳ ಜೊತೆಗೆ ಅವಳಿಗೆ ಇನ್ನೊಂದೂ ಇತ್ತು. ಗದ್ದದ ಕೆಳಗೆ, ಕುತ್ತಿಗೆ ಶುರುವಾಗುವ ಜಾಗದಲ್ಲಿ ಅವಳಿಗೆ ಕೂದಲು ಬರುತ್ತಿತ್ತು. ತವರಿನಲ್ಲಿ ಅವ್ವ ಕಡಲೆಹಿಟ್ಟು ಅರಿಸಿನ ಕಲಸಿ ಹಚ್ಚಿ ತಿಕ್ಕುತ್ತಿದ್ದಳು. ಚರ್ಮ ಕೆಂಪಗಾಗುತ್ತಿತ್ತೇ ಹೊರತು ಕೂದಲು ಹೋಗುತ್ತಿರಲಿಲ್ಲ. "ಗಂಡನ ಮನ್ಯಾಗ ಯಾರಿಗೂ ತೋರಿಸ್ಬ್ಯಾಡ" ಅಂತಷ್ಟೇ ಹೇಳಿ ಕಳಿಸಿಕೊಟ್ಟಿದ್ದಳು.

ಗಂಡ ಕೊಟ್ರಪ್ಪನಿಗೆ ಕತ್ರಿಗುಪ್ಪೆಯಲ್ಲಿ ಪಾತ್ರೆ ಅಂಗಡಿ. ಕೈ ಮಾಡಿದವನಲ್ಲ, ಕುಡಿದವನಲ್ಲ, ಗಿರಾಕಿಗಳ ಜೊತೆ ನಗುನಗುತ್ತಾ ಮಾತಾಡುವ ಮನುಷ್ಯ. ಆ ನಗುವೇ ಒಂದು ಸಲ ಅವಳ ಎದೆಗೆ ಚುಚ್ಚಿತು. ಮದುವೆಯಾದ ಹೊಸದು, ಇಬ್ಬರೂ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಹೊರಟಿದ್ದರು. ಎದುರಿಗೆ ಕೂತ ಹೆಂಗಸಿನ ಮೇಲ್ತುಟಿಯ ಮೇಲೆ ಕೂದಲು ಕಪ್ಪಗೆ ಕಾಣುತ್ತಿತ್ತು. ಕೊಟ್ರಪ್ಪ ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, "ಪಾಪ, ಆಯಮ್ಮನ ಗಂಡ ಬೆಳಿಗ್ಗೆ ಎದ್ದು ಯಾವ ಗಂಡಸಿನ ಪಕ್ಕ ಮಲಗಿದ್ದೆ ಅಂತ ಗಾಬರಿ ಬೀಳ್ತಾನೇನೋ" ಅಂದ. ಮುಂದಿನ ಸ್ಟಾಪು ಬರುವಷ್ಟರಲ್ಲಿ ಅವನು ಅದನ್ನು ಮರೆತೂ ಬಿಟ್ಟಿದ್ದ. ಶಾಂತಾದೇವಿ ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡಳು. ಆ ಸೆರಗು ಮತ್ತೆ ಕೆಳಗಿಳಿಯಲಿಲ್ಲ.

ಆಗ ಅವರಿದ್ದದ್ದು ಬನಶಂಕರಿಯ ಒಂದು ವಠಾರದಲ್ಲಿ. ಮನೆ ಮಾಲೀಕರ ಹೆಂಡತಿ ಅಮ್ಮಣ್ಣಿ, ಬಸವನಗುಡಿಯ ಹಳೇ ಮನೆತನದವರು. ಆ ವರ್ಷ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಲು ಶಾಂತಾದೇವಿಯನ್ನು ಸಹಾಯಕ್ಕೆ ಕರೆದಿದ್ದರು. ಅಚ್ಚಿಗೆ ಹೊಯ್ಯುವಾಗ ಪಾಕ ಒಂದಿಷ್ಟು ಅವಳ ಮುಂಗೈಗೆ ಸಿಡಿದು ಅಲ್ಲೇ ಅಂಟಿಕೊಂಡಿತು. ಅಮ್ಮಣ್ಣಿ ಅದನ್ನು ಪಟ್ಟನೆ ಕಿತ್ತರು. ಚರ್ಮ ನುಣ್ಣಗೆ ಹೊಳೆಯಿತು.

"ಕೂದಲೆಲ್ಲ ಹೋಯ್ತು ನೋಡು!" ಅಮ್ಮಣ್ಣಿ ನಕ್ಕರು. "ನಮ್ಮತ್ತಿಗೆ ಇದಕ್ಕೇ ನಿಂಬೆಹುಳಿ ಹಿಂಡಿ ಕೈಗೆಲ್ಲ ಹಚ್ಕೋತಾರೆ ಕಣೆ. ಪಾರ್ಲರೂ ಬೇಡ, ಏನೂ ಬೇಡ."

ಶಾಂತಾದೇವಿಯೂ ನಕ್ಕಳು. ಮರುದಿನ ಗಂಡ ಅಂಗಡಿಗೆ ಹೋದಮೇಲೆ ಬಾಗಿಲ ಚಿಲಕ ಹಾಕಿ ಒಲೆ ಹಚ್ಚಿದಳು.

ಮೊದಲ ಸಲ ಪಾಕ ಗಟ್ಟಿಯಾಗಿ ಪಾತ್ರೆಯ ತಳ ಹಿಡಿಯಿತು. ಎರಡನೆಯ ಸಲ ನೀರಾಗಿ ಕುತ್ತಿಗೆಯ ಮೇಲೆ ಹರಿಯಿತು. ಆಮೇಲಾಮೇಲೆ ಹದ ಕೈಗೆ ಬಂತು. ದಪ್ಪ ತಳದ ಪಾತ್ರೆಯಲ್ಲಿ ಒಂದು ಲೋಟ ಸಕ್ಕರೆ, ಒಂದು ಹಣ್ಣು ನಿಂಬೆಯ ರಸ, ಸಕ್ಕರೆ ನೆನೆಯುವಷ್ಟು ನೀರು. ಉರಿ ಸಣ್ಣಗಿಟ್ಟು ಕದಡದೆ ಕಾಯಬೇಕು. ಬಣ್ಣ ಜೇನಿನ ಹಾಗಾದಾಗ ಒಂದು ಹನಿ ತಣ್ಣೀರಿಗೆ ಬಿಟ್ಟು ನೋಡಬೇಕು. ಬೆರಳಲ್ಲಿ ಮೆತ್ತಗೆ ಉಂಡೆಯಾದರೆ ಸರಿ, ಟಣ್ ಅಂದರೆ ಕೆಟ್ಟಿತು. ಉಗುರುಬೆಚ್ಚಗೆ ಆರಿದ ಮೇಲೆ ಕೂದಲು ಬೆಳೆದ ದಿಕ್ಕಿಗೇ ತೆಳ್ಳಗೆ ಹಚ್ಚಿ, ಹಳೇ ಪಂಚೆಯ ಬಟ್ಟೆಪಟ್ಟಿ ಒತ್ತಿ, ಚರ್ಮವನ್ನು ಒಂದು ಕೈಯಲ್ಲಿ ಬಿಗಿಹಿಡಿದು ಎದುರು ದಿಕ್ಕಿಗೆ ಒಂದೇ ಏಟಿಗೆ ಎಳೆಯಬೇಕು. ಅಳುಕಿದರೆ ಕೂದಲು ಅರ್ಧಕ್ಕೇ ತುಂಡಾಗುತ್ತದೆ. ಹಚ್ಚುವ ಮುಂಚೆ ಚರ್ಮ ಒಣಗಿರಬೇಕು. ಮನೆಯಲ್ಲಿ ಪೌಡರ್ ಇಲ್ಲದ ದಿನ ದೇವರ ಮುಂದಿನ ವಿಭೂತಿಯನ್ನೇ ಸವರಿಕೊಂಡು, ಶಿವನೇ ತಪ್ಪಾಯ್ತು ಅಂದುಕೊಂಡಳು. ಆಮೇಲೆ ಪೌಡರ್ ತಂದರೂ ವಿಭೂತಿಯನ್ನೇ ಬಳಸಿದಳು. ಯಾಕೋ ಅದರಿಂದ ಧೈರ್ಯ ಬರುತ್ತಿತ್ತು.

ಕತ್ರಿಗುಪ್ಪೆಯಲ್ಲಿ ಸ್ವಂತ ಮನೆಯಾಯಿತು. ಮಗಳು ಶಿಲ್ಪಶ್ರೀ ಹುಟ್ಟಿದಳು, ಬೆಳೆದಳು. ಹೈಸ್ಕೂಲಿಗೆ ಬರುವ ಹೊತ್ತಿಗೆ ಅವಳ ಗದ್ದದ ಮೇಲೂ ಅದೇ ಕೂದಲು. ಶಾಲೆಯಲ್ಲಿ ಯಾರೋ ಏನೋ ಅಂದರಂತೆ, ಹುಡುಗಿ ಬ್ಯಾಗು ಎಸೆದು ಮಂಚದ ಮೇಲೆ ಬೋರಲು ಬಿದ್ದಿದ್ದಳು. ಶಾಂತಾದೇವಿ ಏನೂ ಕೇಳದೆ ಒಲೆಯ ಮೇಲೆ ಸಕ್ಕರೆ ಇಟ್ಟಳು.

ಮಗಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಪಟ್ಟಿ ಎಳೆದಾಗ ಹುಡುಗಿಯ ಕಣ್ಣಲ್ಲಿ ನೀರು ತುಂಬಿತು.

"ಯಾಕವ್ವ ನನಗೆ ಮಾತ್ರ ಹೀಗೆ? ನಮ್ಮನೇಲಿ ಯಾರಿಗೂ ಇಲ್ವಲ್ಲ?"

ಹೇಳಿಬಿಡಬೇಕು ಅಂತ ಶಾಂತಾದೇವಿಯ ನಾಲಿಗೆಯ ತುದಿಗೆ ಬಂತು. ಸೆರಗು ಸರಿಸಿ ತೋರಿಸಿದ್ದರೆ ಸಾಕಿತ್ತು. ಆದರೆ ಮಗಳು ಅಪ್ಪನ ಮುದ್ದು. ಹೊಟ್ಟೆಯಲ್ಲಿ ಮಾತು ನಿಲ್ಲದ ಹುಡುಗಿ. "ಕೆಲವರಿಗೆ ಬರ್ತದೆ, ಸುಮ್ನಿರು" ಅಂದು ಮುಂದಿನ ಪಟ್ಟಿ ಒತ್ತಿದಳು.

ಶಿಲ್ಪಶ್ರೀ ಓದಿ ಜೆ.ಪಿ. ನಗರದ ಶಾಲೆಯೊಂದರಲ್ಲಿ ಟೀಚರಾದಳು. ರೇವಂತ್ ಎಂಬ ಹುಡುಗನ ಜೊತೆ ಮದುವೆ ಮಾತಾಯಿತು. ಒಂದು ಸಂಜೆ ಅವನ ಜೊತೆ ಜಯನಗರದಲ್ಲಿ ಕಾಫಿ ಕುಡಿದು ಬಂದವಳು ಅಡುಗೆಮನೆಗೆ ಬಂದು ಹೇಳಿದಳು, "ಅವ್ವಾ, ಅವರಿಗೆ ಹೇಳ್ಬಿಟ್ಟೆ. ನನಗೆ ಗಡ್ಡ ಬರುತ್ತೆ, ವ್ಯಾಕ್ಸ್ ಮಾಡ್ಕೋತೀನಿ ಅಂತ."

ಶಾಂತಾದೇವಿಯ ಕೈಯಲ್ಲಿದ್ದ ಸೌಟು ನಿಂತಿತು. "ಏನಂದ್ರು?"

"ಏನಂತಾರೆ? ನನಗೂ ಬರುತ್ತೆ, ಒಂದೇ ಕನ್ನಡಿ ಸಾಕು ಬಿಡು ಅಂದ್ರು." ಶಿಲ್ಪಶ್ರೀ ನಗುತ್ತಾ ಬಟ್ಟೆ ಬದಲಿಸಲು ಹೋದಳು.

ಶಾಂತಾದೇವಿಗೆ ಸಂತೋಷವಾಗಬೇಕಿತ್ತು. ಅದರ ಬದಲು ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದೆ ಒಲೆಯ ಮುಂದೆ ನಿಂತೇ ಇದ್ದಳು. ಇಷ್ಟು ಸುಲಭವೇ ಇದು? ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿದುಹೋಗುವ ಮಾತೇ? ಹಾಗಾದರೆ ಚಿಲಕ ಹಾಕಿಕೊಂಡು ಕಳೆದ ಆ ಮಧ್ಯಾಹ್ನಗಳೆಲ್ಲ ಏನು? ಅವತ್ತೇ ಗಂಡನಿಗೆ ಹೇಳಿಬಿಡೋಣ ಅನ್ನಿಸಿತು. ಕೊಟ್ರಪ್ಪ ಊಟಕ್ಕೆ ಕೂತ. ಬಡಿಸಿದಳು. "ಯಾಕೆ ಒಂಥರಾ ಇದ್ದೀಯಾ?" ಅಂತ ಅವನೇ ಕೇಳಿದ. "ಏನಿಲ್ಲ ರೀ, ತಲೆನೋವು" ಅಂದಳು.

ಮದುವೆಯಾಗಿ ಮಗಳು ಹೋದಳು. ಆಮೇಲೆ ಕೆಲವು ವರ್ಷಕ್ಕೆ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ಶಾಂತಾದೇವಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳ ಬಾಯಲ್ಲಿ ಉಳಿದದ್ದು ಒಂದೇ ಮಾತು, "ಬೇಡ". ನೀರು ಬೇಕಾದರೂ ಬೇಡ, ಹಸಿವಾದರೂ ಬೇಡ, ಮಗಳು ಬಂದಾಗ ಖುಷಿಗೂ ಬೇಡ. ತಲೆಯೊಳಗೆ ಮಾತುಗಳು ಸರಿಯಾಗಿಯೇ ಸಾಲುಗಟ್ಟಿ ನಿಲ್ಲುತ್ತಿದ್ದವು. ಬಾಯಿಂದ ಹೊರಗೆ ಬರುತ್ತಿದ್ದದ್ದು ಮಾತ್ರ ಅದೊಂದೇ. "ಹೀಗಾಗೋದುಂಟು, ಅವರು ಅನ್ನೋದನ್ನ ಹಾಗೇ ತಗೋಬೇಡಿ, ಮುಖ ನೋಡಿ ತಿಳ್ಕೊಳ್ಳಿ" ಅಂದಿದ್ದರು ಡಾಕ್ಟರು. ಮನೆಯವರು ಕಲಿತುಕೊಂಡರು.

ಮಲಗಿದಲ್ಲೇ ಎಡಗೈ ಎತ್ತಿ ಗದ್ದ ಮುಟ್ಟಿಕೊಂಡಾಗ ಕೂದಲು ಚುಚ್ಚಿತು. ಶಾಂತಾದೇವಿ ಹೊದಿಕೆಯನ್ನು ಬಾಯಿಯವರೆಗೂ ಎಳೆದುಕೊಂಡಳು. ಗಂಡ ಕೋಣೆಗೆ ಬಂದರೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. "ಯಾಕ ಶಾಂತಾ, ನನ್ನ ಮೇಲೇನು ಸಿಟ್ಟು?" ಅನ್ನುತ್ತಾ ಕೊಟ್ರಪ್ಪ ಕಾಲು ಒತ್ತಿ ಹೋಗುತ್ತಿದ್ದ.

ಒಂದು ಶನಿವಾರ ಶಿಲ್ಪಶ್ರೀ ಅವ್ವನ ಮೈ ಒರೆಸಲು ಹೊದಿಕೆ ಸರಿಸಿದಳು. ಒದ್ದೆ ಬಟ್ಟೆ ಗದ್ದದ ಹತ್ತಿರ ಬಂದು ನಿಂತಿತು.

"ಅವ್ವಾ, ನಿನಗೂನಾ?"

"ಬೇಡ" ಅಂದಳು ಶಾಂತಾದೇವಿ.

"ಅವತ್ತು ಕೇಳಿದ್ನಲ್ಲವ್ವ, ನನಗೆ ಮಾತ್ರ ಯಾಕೆ ಅಂತ. ನಿನಗೂ ಇದೆ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನು ದೆವ್ವ ಅಂದ್ಕೊಂಡು ಬೆಳೆದೆ ಗೊತ್ತಾ?" ಶಿಲ್ಪಶ್ರೀ ಅಳುತ್ತಿದ್ದಳು. ಅಳುತ್ತಲೇ ಬಟ್ಟೆ ಹಿಂಡಿ ಕುತ್ತಿಗೆ ಒರೆಸಿದಳು. ಶಾಂತಾದೇವಿಯ ಎದೆಯಲ್ಲಿದ್ದ ಮಾತಿಗೆ ದಾರಿಯಿರಲಿಲ್ಲ. ಎಡಗೈಯಲ್ಲಿ ಮಗಳ ಮಣಿಕಟ್ಟು ಹಿಡಿದುಕೊಂಡಳು, ಅಷ್ಟೇ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಸಕ್ಕರೆ ನಿಂಬೆ ಕಾಯುವ ವಾಸನೆ ಬಂತು. ಅಪ್ಪ ಬರುವ ಮುಂಚೆ ಮುಗಿಸಿಬಿಡೋಣ ಅಂತ ಮಗಳ ಅವಸರ. ಶಾಂತಾದೇವಿಗೆ ವಾಸನೆಯಿಂದಲೇ ಗೊತ್ತಾಯಿತು, ಪಾಕ ಒಂದು ಹದ ಮೀರಿದೆ. ಅವಳು "ಬೇಡ, ಬೇಡ" ಅಂದಳು. ಮಗಳು ಮುಖ ನೋಡಿ, "ನಾಚ್ಕೋಬೇಡವ್ವ, ನೀನೇ ಕಲಿಸಿದ್ದಲ್ವಾ" ಅಂತ ಪಟ್ಟಿ ಒತ್ತಿದಳು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದವಳ ಚರ್ಮ ಅದು. ವಯಸ್ಸಾಗಿ ಈರುಳ್ಳಿ ಸಿಪ್ಪೆಯ ಹಾಗಿತ್ತು. ಎಳೆದಾಗ ಕೂದಲಿನ ಜೊತೆ ಚರ್ಮವೂ ಬಂತು. ರಕ್ತ ನಿಲ್ಲಲಿಲ್ಲ. ಶಿಲ್ಪಶ್ರೀ ಹತ್ತಿ ಒತ್ತಿದಳು, ಅರಿಸಿನ ಒತ್ತಿದಳು. ದಿಂಬು ಕೆಂಪಾಯಿತು. ಅಷ್ಟರಲ್ಲಿ ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಸದ್ದು.

ಕೊಟ್ರಪ್ಪ ಒಳಗೆ ಬಂದು ನೋಡಿದ. ಮಗಳ ಕೈಯಲ್ಲಿ ರಕ್ತದ ಬಟ್ಟೆ, ಹೆಂಡತಿಯ ಗದ್ದದ ಒಂದು ಕಡೆ ಗಾಯ, ಇನ್ನೊಂದು ಕಡೆ ನರೆತ ಗಡ್ಡ. ಅವನ ಕಣ್ಣು ಆ ಗಡ್ಡದ ಮೇಲೆ ಎಷ್ಟು ಹೊತ್ತು ನಿಂತಿತೋ. ಶಾಂತಾದೇವಿ ತನ್ನ ಬಾಳಿನುದ್ದಕ್ಕೂ ಹೆದರಿದ್ದು ಆ ಒಂದು ನೋಟಕ್ಕೆ. ಮುಖ ತಿರುಗಿಸಲು ಮಗಳ ಕೈ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ಬಂದಮೇಲೆ ಹಾಲಿನಲ್ಲಿ ಅಪ್ಪ ಮಗಳು ಮಾತಾಡುವುದು ಕೇಳಿಸಿತು.

"ಇಷ್ಟು ವರ್ಷ ನನ್ನ ಹತ್ರ ಮುಚ್ಚಿಟ್ಟಳಲ್ಲ" ಅನ್ನುತ್ತಿದ್ದ ಕೊಟ್ರಪ್ಪ. "ಕೂದಲು ಬಂದ್ರೆ ಬರ್ಲಿ, ಅದ್ರಲ್ಲೇನಿದೆ? ನಾನೇನು ಅಷ್ಟು ಕೆಟ್ಟವನಾ? ಒಂದು ದಿನ ಒಂದು ಮಾತು ಅಂದಿದ್ದೀನಾ ನಾನು?"

"ಇಲ್ಲ ಅಪ್ಪಾಜಿ" ಅಂದಳು ಮಗಳು. ಅವಳಿಗೇನು ಗೊತ್ತು.

ಆ ಒಂದು ಮಾತು ಯಾವುದು ಅಂತ ಹೇಳಬಲ್ಲವಳು ಒಳಗೆ ಮಲಗಿದ್ದಳು.

ಗಾಯ ಮಾಗಿದ ಮೇಲೆ ಒಂದು ಸೋಮವಾರ ಕೊಟ್ರಪ್ಪ ಬಿಸಿನೀರು, ನೊರೆ, ತನ್ನ ರೇಜರ್ ಹಿಡಿದು ಹಾಸಿಗೆಯ ಪಕ್ಕ ಕೂತ. ಸೋಮವಾರ ಅವನು ಅಂಗಡಿ ತೆಗೆಯುತ್ತಿರಲಿಲ್ಲ. ಶಾಂತಾದೇವಿ ಎಡಗೈಯಲ್ಲಿ ಅವನನ್ನು ತಳ್ಳಿದಳು. ಮನಸಾರೆ, ಇದ್ದ ಶಕ್ತಿಯನ್ನೆಲ್ಲ ಸೇರಿಸಿ, "ಬೇಡ! ಬೇಡ!" ಅಂದಳು. ಕೊಟ್ರಪ್ಪ, "ಆಯ್ತು ಆಯ್ತು, ಗೊತ್ತಾಯ್ತು" ಅನ್ನುತ್ತಾ ಅವಳ ಗದ್ದ ಹಿಡಿದು ನೊರೆ ಹಚ್ಚಿದ. ಗಂಡಸಿಗೆ ಮಾಡುವ ಹಾಗೆ ಕೆನ್ನೆ ಬಿಗಿದು, ರೇಜರ್ ಆಡಿಸಿ, ಒರೆಸಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಕಣ್ಣೀರು ಕಿವಿಯೊಳಗೆ ಇಳಿಯಿತು.

ಹಾಗೇ ಎಷ್ಟೋ ಸೋಮವಾರಗಳು ಕಳೆದವು. ಬರಬರುತ್ತಾ ಅವಳು ತಳ್ಳುವುದನ್ನು ಬಿಟ್ಟಳು. ಅವನು ನಿಧಾನವಾಗಿ ಮಾಡುತ್ತಿದ್ದ, ಗಾಯದ ಕಲೆಯ ಸುತ್ತ ಇನ್ನೂ ನಿಧಾನ. ಮಾಡುತ್ತಾ ಅಂಗಡಿಯ ಸುದ್ದಿ ಹೇಳುತ್ತಿದ್ದ. ಕುಕ್ಕರಿಗೆ ಗಿರಾಕಿಯೇ ಇಲ್ಲ, ಎಲ್ಲ ಮೊಬೈಲಲ್ಲೇ ತರಿಸ್ಕೋತಾರೆ, ಪಕ್ಕದ ಅಂಗಡಿಯ ಸಂಜೀವಯ್ಯ ಬಾಗಿಲು ಹಾಕಿ ಮಗಳ ಮನೆಗೆ ಹೋದ. ಅವನ ಬೆರಳು ಅವಳ ಮುಖದ ಮೇಲಿರುತ್ತಿತ್ತು. ಮದುವೆಯಾದಾಗಿನಿಂದ ಅವಳು ಕುತ್ತಿಗೆಯ ಮೇಲೆ ಅವನ ಕೈ ಬೀಳಲು ಬಿಟ್ಟವಳೇ ಅಲ್ಲ, ಎಲ್ಲಿ ಚುಚ್ಚೀತೋ ಅಂತ. ಭಾನುವಾರ ಬಂದರೆ ಈಗ ಅವಳು ಮರುದಿನಕ್ಕೆ ಕಾಯತೊಡಗಿದ್ದಳು. ಇದು ತನಗೇ ನಾಚಿಕೆ ತಂದರೂ ಕಾಯುತ್ತಿದ್ದಳು.

ಅಂಥ ಒಂದು ಸೋಮವಾರ ಕೊಟ್ರಪ್ಪ ಮುಗಿಸಿ, ಬಟ್ಟಲು ಎತ್ತಿಕೊಂಡು ಏಳಹೋದ. ಇನ್ನೊಂದು ಗಳಿಗೆ ಕೂತಿರಿ ಅಂತ ಅವಳಿಗೆ ಹೇಳಬೇಕೆನಿಸಿತು. ಅವನ ಅಂಗಿಯ ತುದಿ ಹಿಡಿದಳು. ಬಾಯಿಂದ ಬಂದದ್ದು ಒಂದೇ, "ಬೇಡ". ಮತ್ತೆ ಹೇಳಿದಳು, ಮತ್ತೆ, ಅಳು ಉಕ್ಕಿಬಂತು. ಕೊಟ್ರಪ್ಪ ಅವಳ ಮುಖವನ್ನೇ ನೋಡಿದ. ಡಾಕ್ಟರು ಹೇಳಿದ್ದರಲ್ಲ, ಮುಖ ನೋಡಿ ತಿಳ್ಕೊಳ್ಳಿ ಅಂತ. ಅವನಿಗೆ ಅಲ್ಲಿ ಕಂಡದ್ದು ಬರೀ ನೋವು.

"ನನ್ನ ಕೈಯಲ್ಲಿ ಮಾಡಿಸ್ಕೊಳ್ಳೋದು ನಿನಗೆ ಅಷ್ಟು ಕಷ್ಟ ಆಗ್ತಿತ್ತಾ ಶಾಂತಾ?" ಅಂದ. "ಇಷ್ಟು ದಿನ ಗೊತ್ತಾಗಲಿಲ್ಲ. ಬಿಡು, ಇನ್ಮೇಲೆ ಮಾಡಲ್ಲ." ಅಂಗಿಯ ತುದಿಯನ್ನು ಅವಳ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು ಹೋದ.

ಮರುವಾರದಿಂದ ಸೀತಮ್ಮ ಎಂಬ ಹೆಂಗಸು ನೋಡಿಕೊಳ್ಳಲು ಬಂದಳು. ಒಳ್ಳೆಯವಳೇ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಊರಿನವರ ಜೊತೆ ಮಾತಾಡುತ್ತಲೇ ನಾಲ್ಕು ಏಟಿಗೆ ಗದ್ದ ಬೋಳಿಸಿ ಮುಗಿಸುತ್ತಿದ್ದಳು. ಕೊಟ್ರಪ್ಪ ಈಗ ಸೋಮವಾರವೂ ಅಂಗಡಿ ತೆಗೆಯುತ್ತಿದ್ದ. ಬೆಳಿಗ್ಗೆ ಹೊರಡುವಾಗ ಬಾಗಿಲಲ್ಲೇ ನಿಂತು, "ಹೆಂಗಿದ್ದಾಳೆ?" ಅಂತ ಸೀತಮ್ಮನನ್ನು ಕೇಳುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ಅವಳಿಗೆ ಇಷ್ಟವಿಲ್ಲವಲ್ಲ ಅಂತ.

ಶಾಂತಾದೇವಿ ಮಾತು ಬಿಟ್ಟಳು. ಬಾಯಲ್ಲಿ ಉಳಿದಿದ್ದ ಆ ಒಂದನ್ನೂ ಬಿಟ್ಟಳು. ನೀರು ಬೇಕಾದರೆ ಸುಮ್ಮನೆ ಕಾಯುತ್ತಿದ್ದಳು, ಕೊಟ್ಟಾಗ ಕುಡಿಯುತ್ತಿದ್ದಳು. ಇನ್ನೊಂದು ಸಣ್ಣ ಸ್ಟ್ರೋಕ್ ಆಗಿರಬಹುದು ಅಂದರು ಡಾಕ್ಟರು. ಶಿಲ್ಪಶ್ರೀ ಶನಿವಾರ ಬಂದು ಅವ್ವನ ತಲೆ ಬಾಚುತ್ತಾ, "ಏನಾದ್ರೂ ಅನ್ನವ್ವ, ಬೇಡ ಅಂತಾದ್ರೂ ಅನ್ನು" ಅಂತ ಗೋಗರೆದಳು. ಶಾಂತಾದೇವಿ ಮಗಳನ್ನೇ ನೋಡುತ್ತಾ ತುಟಿ ಬಿಗಿಹಿಡಿದಳು.

ಅದೇ ಸಂಜೆ ಊರಿನಿಂದ ಯಾರೋ ಫೋನ್ ಮಾಡಿ ವಿಚಾರಿಸಿದರು. ಹಾಲಿನಲ್ಲಿ ಕೊಟ್ರಪ್ಪ ಮಾತಾಡುವುದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಈಗ ಎಷ್ಟೋ ಮೇಲು" ಅನ್ನುತ್ತಿದ್ದ. "ಮೊದಲಿನ ಹಾಗೆ ಅಳೋದಿಲ್ಲ, ಹಟ ಇಲ್ಲ. ಸಮಾಧಾನವಾಗಿದ್ದಾಳೆ."